ದೊಡ್ಡಮಾವನ ಉತ್ತರದ ಬೀಗರು

ನಮ್ಮ ದೊಡ್ಡಮಾವನಿಗೆ ಹೆಂಡತಿ ಇರಲಿಲ್ಲ, ಮಕ್ಕಳಿರಲಿಲ್ಲ, ಆದರೆ ಬೀಗರು ಮಾತ್ರ ಕೆರೆ ತುಂಬ ಇದ್ದರು! ಮದುವೆಯೇ ಆಗದವರಿಗೆ ಬೀಗರು ಎಲ್ಲಿಂದ ಬಂದರು ಎಂದು ಕೇಳುತ್ತೀರಾ? ಉತ್ತರದಿಂದ ಬಂದರು. ಅದೂ ಹಾರಿಕೊಂಡು ಬಂದರು.

ದೊಡ್ಡಮಾವ ಎಂದರೆ ನನ್ನ ಮಾವನವರ ಅಣ್ಣ. ಅಂದೋಲಾದ ಹತ್ತಿರದ ಆ ಊರಿಗೆ ನಾನು ಸೊಸೆಯಾಗಿ ಹೋದದ್ದು ನಿಜಾಮರ ಕಾಲದಲ್ಲಿ. ಊರ ಮಗ್ಗುಲಿಗೇ ಒಂದು ದೊಡ್ಡ ಕೆರೆ. ಅದು ಜಾಗೀರದಾರರ ಶಿಕಾರಿ ಕೆರೆ. ಅಲ್ಲಿಯ ಹಕ್ಕಿಗಳಿಗೆ ಊರವರು ಬಲೆ ಹಾಕಬಾರದು, ಕಲ್ಲು ಬೀಸಬಾರದು, ಮೊಟ್ಟೆ ಮುಟ್ಟಬಾರದು. ಯಾಕೆ? ಚಳಿಗಾಲದಲ್ಲಿ ಜಾಗೀರದಾರರು ಹೈದರಾಬಾದಿನಿಂದ ಗೆಳೆಯರನ್ನು ಕಟ್ಟಿಕೊಂಡು ಬಂದು ಅವನ್ನು ಬಂದೂಕಿನಿಂದ ಹೊಡೆಯಬೇಕಲ್ಲ! ವರ್ಷವಿಡೀ ಯಾರೂ ಕೊಲ್ಲದಂತೆ ಕಾಯುವುದು, ಆಮೇಲೆ ಕೊಲ್ಲುವವರ ಕೈಗೆ ಒಪ್ಪಿಸುವುದು. ಇದು ದೊಡ್ಡಮಾವನ ನೌಕರಿ. ಅದಕ್ಕೊಂದು ಹಿತ್ತಾಳೆ ಬಿಲ್ಲೆಯನ್ನೂ ಕೊಟ್ಟಿದ್ದರು. ಆದರೆ ದೊಡ್ಡಮಾವ ನೌಕರಿಯ ಮೊದಲ ಅರ್ಧವನ್ನಷ್ಟೇ ಮನಸ್ಸಿಗೆ ಹಚ್ಚಿಕೊಂಡಿದ್ದರು.

ಮಾಘದಲ್ಲಿ ನನ್ನ ಮದುವೆಯಾಯಿತು. ಗಂಡನ ಮನೆಗೆ ಬಂದ ಮಾರನೆಯ ದಿನವೇ ಅತ್ತೆ ನನ್ನ ಕೈಯಲ್ಲಿ ಬುತ್ತಿ ಕೊಟ್ಟು, "ನಿಮ್ಮ ದೊಡ್ಡಮಾವ ಕೆರಿ ಬಿಟ್ಟು ಊಟಕ್ಕೂ ಬರೂದಿಲ್ಲ, ಕೊಟ್ಟು ಬಾ" ಎಂದರು. ಕೆಂಪು ಇಳಕಲ್ ಸೀರೆ, ಮೊಣಕೈತನಕ ಹಸಿರು ಬಳೆ, ಮುಖದ ತುಂಬ ಸೆರಗು. ಹೊಸ ಸೊಸೆ ಎಂದರೆ ಹೀಗಿರಬೇಕು ಎಂಬಂತೆ ಹೋದೆ. ದೊಡ್ಡಮಾವ ಏರಿಯ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದರು. ನನ್ನ ಕಡೆ ನೋಡಿದವರೇ ಹಾವು ಕಂಡಂತೆ ಎದ್ದರು.

"ಮನಿಗೆ ಹೋಗಿ ಸೀರಿ ಬದಲ ಮಾಡಿ ಬಾರವ್ವಾ."

ಬುತ್ತಿಯನ್ನು ಅಲ್ಲೇ ಕೆಳಗಿಟ್ಟೆ. "ಏನು ತಪ್ಪಾತ್ರೀ ಮಾವಾರ?"

"ಕೆಂಪ ಕಂಡ್ರ ಬಾತು ಬೆದರತಾವ. ಮಣ್ಣಿನ ಬಣ್ಣದ್ದು ಉಟಗೊಂಡು ಬಾ. ಆ ಬಳಿನೂ ತಗಿ, ಭಾಳ ಸಪ್ಪಳ ಮಾಡಾಕತ್ತಾವ."

ಅಳುತ್ತ ಮನೆಗೆ ಬಂದು ಹೇಳಿದೆ. ಅತ್ತೆ ಸೌಟು ಹಿಡಿದುಕೊಂಡೇ ಅಂಗಳಕ್ಕೆ ಬಂದರು. "ಹೊಸಾ ಸೊಸಿ ಬಳಿ ತಗೀಬೇಕಂತೇನು? ನನ್ನ ಮಗ ಗುಂಡಕಲ್ಲಿನಂಗ ಅದಾನ ಅಂತ ಹೇಳ ಹೋಗ ಅವರಿಗೆ!"

ಕೊನೆಗೆ ರಾಜಿಯಾಯಿತು. ಕೆರೆಗೆ ಹೋಗುವಾಗ ನಾನು ಬಳೆಗಳ ಮೇಲೆ ಹಳೇ ಅರಿವೆ ಸುತ್ತಿಕೊಂಡು ಹೋಗತೊಡಗಿದೆ. ಕೆರೆ ದಂಡೆಯಲ್ಲಿ ಬಟ್ಟೆ ಒಗೆಯುವ ಹೆಂಗಸರೆಲ್ಲ, "ಮೂರು ದಿನದಾಗ ಸೊಸಿ ಕೈ ಮುರದ್ರೇನು?" ಎಂದು ನಮ್ಮ ಅತ್ತೆಯನ್ನು ಕೇಳಿದರಂತೆ!

ಬೇಸಿಗೆ ಬಂತು. ನೀರು ಹಿಂದೆ ಸರಿದು ದಂಡೆಯ ಕರಿಮಣ್ಣು ಬಿರುಕು ಬಿಟ್ಟಿತು. ಊರಿನ ಗಾಡಿದಾರಿ ಕೆರೆಯ ಏರಿಯ ಮೇಲೇ ಹೋಗುತ್ತಿತ್ತು. ಅದರ ಅಂಚಿಗೆ ಒಂದು ಟಿಟ್ಟಿಭ ಬರೀ ನೆಲದ ಮೇಲೆ ಮೊಟ್ಟೆ ಇಟ್ಟಿತ್ತು. ಅದೇ ಹೊತ್ತಿಗೆ ಮಟಕಿ ಎಂಬ ಊರಿನಿಂದ ನಮ್ಮೂರ ಹುಡುಗಿಯನ್ನು ಮದುವೆಯಾಗಲು ದಿಬ್ಬಣ ಬರಬೇಕೆ? ಹಲಗೆ, ಸನಾದಿ, ಕುದುರೆ ಮೇಲೆ ಮದುಮಗ. ದೊಡ್ಡಮಾವ ದಾರಿಯ ನಡುವೆ ಬಿಲ್ಲೆ ತೋರಿಸಿ ನಿಂತರು. "ಜಾಗೀರದಾರರ ಹುಕುಂ ಐತಿ. ಸಪ್ಪಳ ಬಂದ್!" ಎಂದರು. ಜಾಗೀರದಾರರಿಗೆ ಟಿಟ್ಟಿಭವೆಂಬ ಹಕ್ಕಿ ಇರುವುದೇ ಗೊತ್ತಿರಲಿಲ್ಲ, ಆ ಮಾತು ಬೇರೆ! ಪಾಪ, ದಿಬ್ಬಣವೆಲ್ಲ ತಲೆ ತಗ್ಗಿಸಿ, ಪಿಸುಮಾತನ್ನೂ ಆಡದೆ ಊರು ಹೊಕ್ಕಿತು. ಹಲಗೆ ಸಪ್ಪಳವಿಲ್ಲದೆ ಇಷ್ಟು ಮಂದಿ ಬರುವುದನ್ನು ಕಂಡ ಮದುಮಗಳ ಅಜ್ಜಿ ಎದೆ ಬಡಿದುಕೊಂಡು, "ಯಾರು ಹೋದ್ರೋ ಯಪ್ಪಾ?" ಎಂದಳು.

ಹಿಂದೆಯೇ ಬಂದಿದ್ದ ದೊಡ್ಡಮಾವ ಸಮಾಧಾನ ಹೇಳಿದರು: "ಇನ್ನೂ ಯಾರೂ ಹೋಗಿಲ್ಲಬೇ. ಹೋಗಾಂವ ಕುದರಿ ಮ್ಯಾಲ ಕುಂತಾನ ನೋಡ!"

ಇಂಥವರ ಕೂಡ ನಗಬೇಕೋ ಅಳಬೇಕೋ ನೀವೇ ಹೇಳಿ. ನಾನು ಎರಡನ್ನೂ ಮಾಡುತ್ತಿದ್ದೆ. ಅಳುವುದು ತುಸು ಹೆಚ್ಚೇ ಇತ್ತು. ನನ್ನ ತವರು ಮಾದನಹಿಪ್ಪರಗಾ. ಈಗಿನವರಿಗೆ ಅದೇನು ದೂರ? ಆಗ ನಡುವೆ ಸೇತುವೆಯಿಲ್ಲದ ಭೀಮೆ ಇದ್ದಳು. ಪಂಚಮಿಗೆ ಕರೆಯಲು ಬರುತ್ತೇನೆಂದು ಅಣ್ಣ ಮಾತು ಕೊಟ್ಟಿದ್ದ. ಅಷ್ಟರಲ್ಲಿ ಹೊಳೆ ತುಂಬಿ ಎರಡೂ ದಂಡೆ ನುಂಗಿತು. ಆಚೆಯ ಗಾಡಿ ಆಚೆಗೇ ಉಳಿಯಿತು. ಊರ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದು ಜೋಕಾಲಿ ಆಡುತ್ತಿದ್ದರೆ ನಾನು ಬುತ್ತಿ ಹೊತ್ತುಕೊಂಡು ಕೆರೆಗೆ ಹೋದೆ.

ಕೆರೆ ತುಂಬಿತ್ತು. ನೀರಿನೊಳಗೆ ಮುಳುಗಿ ನಿಂತ ಜಾಲಿ ಗಿಡಗಳ ಮೇಲೆಲ್ಲ ಬೆಳ್ಳಕ್ಕಿಗಳ ಗೂಡು. ತಾಯಿ ಹಕ್ಕಿಗಳು ಬಂದು ಮರಿಗಳ ಬಾಯಲ್ಲಿ ತುತ್ತಿಡುತ್ತಿದ್ದವು. ಅದನ್ನು ನೋಡಿದ್ದೇ ತಡ, ನನಗೆ ಅವ್ವನ ಕೈಯ ತಂಬಿಟ್ಟಿನ ಉಂಡೆ ನೆನಪಾಗಿ, ಏರಿಯ ಕಲ್ಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಉದ್ದನೆಯ ಕವೆಗೋಲಿನಿಂದ ಜಾರಿ ಬಿದ್ದ ಮರಿಯೊಂದನ್ನು ಗೂಡಿಗೆ ಏರಿಸುತ್ತಿದ್ದ ದೊಡ್ಡಮಾವ, ಕೆಲಸ ಮುಗಿಸಿ ನನ್ನ ಹತ್ತಿರ ಬಂದರು. ಈಗ ಎರಡು ಮಾತು ಸಮಾಧಾನ ಹೇಳಿಯಾರು ಎಂದುಕೊಂಡೆ.

"ಯವ್ವಾ," ಎಂದರು ಮೆಲ್ಲಗೆ, "ಸಪ್ಪಳಿಲ್ಲದಂಗ ಅಳು. ಮರಿ ಉಣ್ಣಾಕತ್ತಾವ."

ನಾನು ಅಳುವುದನ್ನು ಬಿಟ್ಟು ಸಿಟ್ಟಾದೆ. ಅಂದು ಬುತ್ತಿಯಲ್ಲಿ ಕಟ್ಟಿ ತಂದ ಖಾರದ ಹಿಂಡಿಯನ್ನು ಕೊಡಲೇ ಇಲ್ಲ!

ದೀಪಾವಳಿ ಕಳೆದು ಚಳಿ ಬಿದ್ದ ಒಂದು ಸಂಜೆ ದೊಡ್ಡಮಾವ ಮನೆಗೆ ಓಡಿ ಬಂದರು. ಹೌದು, ಓಡಿ! ಎಂದೂ ಓಡದವರು. "ಬಂದ್ರು, ಬೀಗರು ಬಂದ್ರು!" ಎನ್ನುತ್ತ ಒಗೆದ ಧೋತರ ಉಟ್ಟು, ಹೊಸ ರುಮಾಲು ಸುತ್ತಿ, ಅತ್ತೆಯ ಡಬ್ಬಿಯಿಂದ ಬೆಲ್ಲ ತೆಗೆದು ಕಂಡವರಿಗೆಲ್ಲ ಹಂಚಿದರು. ನಾನೂ ಅವರ ಹಿಂದೆ ಹೋಗಿ ನೋಡಿದೆ. ತಲೆಯ ಮೇಲೆ ಎರಡು ಕರಿ ಪಟ್ಟೆ ಇದ್ದ ದೊಡ್ಡ ಬಾತುಗಳು, ಸಾಲು ಸಾಲಾಗಿ, ಒಂದನ್ನೊಂದು ಕೂಗಿ ಕರೆಯುತ್ತ ನೀರಿಗಿಳಿಯುತ್ತಿದ್ದವು. ದೂರದ ಹಿಮದ ಗುಡ್ಡಗಳನ್ನು ದಾಟಿ ಬರುತ್ತವಂತೆ. ಆ ಕೂಗಿನಲ್ಲಿ ಏನಿತ್ತೋ, ಕತ್ತಲಾಗುವತನಕ ಏರಿಯ ಮೇಲೇ ನಿಂತಿದ್ದೆ. ಇಷ್ಟು ವಯಸ್ಸಾದರೂ ಚಳಿಯ ಸಂಜೆ ಆಕಾಶದಲ್ಲಿ ಅಂಥದೊಂದು ಕೂಗು ಕೇಳಿದರೆ ಮಾಡುವ ಕೆಲಸ ಬಿಟ್ಟು ಅಂಗಳಕ್ಕೆ ಬರುತ್ತೇನೆ. ಕೂಗು ದೂರವಾಗುವತನಕ ಒಳಗೆ ಹೋಗಲು ಮನಸ್ಸಾಗುವುದಿಲ್ಲ.

ಬೀಗರು ಹಗಲೆಲ್ಲ ನೀರಿನಲ್ಲಿ, ಸಂಜೆಯಾದರೆ ನಮ್ಮ ಕಡಲೆ ಹೊಲದಲ್ಲಿ! ಚಿಗುರು ಕಡಲೆಯನ್ನು ಕತ್ತರಿಯಿಂದ ಕತ್ತರಿಸಿದಂತೆ ಮೇಯ್ದರು. ಅತ್ತೆ ಕವಣೆ ಹಿಡಿದು ಹೊರಟರೆ ದೊಡ್ಡಮಾವ ಬಾಗಿಲಿಗೆ ಅಡ್ಡ ನಿಂತರು.

"ಬೀಗರು ಬಂದ್ರ ಹೋಳಿಗಿ ಮಾಡೂದಿಲ್ಲೇನವ್ವಾ? ಇವು ಕಡ್ಲಿ ಸೊಪ್ಪಿನಾಗ ಮುಗಸ್ತಾವ."

"ಬೀಗರು ಹೋಳಿಗಿ ತಿಂತಾರ್ರಿ, ಹೊಲಾನ ತಿಂತಾರೇನು?"

"ನಿಮ್ಮ ತಮ್ಮ ಬಂದಾಗ ನೋಡಿಲ್ಲೇನು!"

ಅತ್ತೆ ಅಂದಿನಿಂದ ಎಷ್ಟೋ ದಿನ ದೊಡ್ಡಮಾವನ ಸಾರಿಗೆ ಉಪ್ಪು ಹಾಕಲಿಲ್ಲ. ಅವರಿಗೆ ಅದು ಗೊತ್ತೇ ಆಗಲಿಲ್ಲ ಎಂಬುದು ಅತ್ತೆಯ ದೊಡ್ಡ ದುಃಖ.

ಆಮೇಲೆ ಬಂತು ಶಿಕಾರಿ. ಜಾಗೀರದಾರರ ಮೋಟಾರು, ಅದರ ಹಿಂದೆ ಡೇರೆಯ ಸಾಮಾನು ಹೊತ್ತ ಗಾಡಿಗಳು. ಕೆರೆಯ ಆಚೆ ದಂಡೆಯಲ್ಲಿ ಡೇರೆ ಎದ್ದವು. ಮಾರನೆಯ ಬೆಳಿಗ್ಗೆ ಶಿಕಾರಿ ಎಂದು ಡಂಗುರವಾಯಿತು. ಪ್ರತಿ ವರ್ಷ ದೊಡ್ಡಮಾವ ಆ ದಿನ ಮಂಜಿನಲ್ಲಿ ನಿಂತು, ಸತ್ತು ಬಿದ್ದ ಹಕ್ಕಿಗಳನ್ನು ನೀರಿಗಿಳಿದು ಎತ್ತಿ ತಂದು, ಜಾಗೀರದಾರರ ಗೆಳೆಯರ ಕಾಲಬಳಿ ಇಡಬೇಕಾಗಿತ್ತು. ಅದಾದ ಮೇಲೆ ಎಷ್ಟೋ ದಿನ ಅವರು ಬುತ್ತಿಯನ್ನು ಅರ್ಧಕ್ಕೇ ಬಿಡುತ್ತಿದ್ದರು ಎಂದು ನನ್ನ ಗಂಡ ಹೇಳಿದ್ದರು.

ಆ ಬೆಳಿಗ್ಗೆ ಮೂಡಣದಲ್ಲಿ ಇನ್ನೇನು ಬೆಳಕಾಗುತ್ತಿತ್ತು. ನಾನು ಅಂಗಳ ಸಾರಿಸುತ್ತಿದ್ದೆ. ದೊಡ್ಡಮಾವ ಸೀದಾ ಅಡಿಗೆಮನೆಗೆ ನುಗ್ಗಿ, ನಾನು ಹಿಟ್ಟು ನಾದುವ ಹಿತ್ತಾಳೆ ಪರಾತವನ್ನೂ ಒಂದು ಒನಕೆಯನ್ನೂ ಎತ್ತಿಕೊಂಡು ಹೊರಟರು. ಸ್ವಲ್ಪ ಹೊತ್ತಿಗೆ ಕೆರೆಯ ಕಡೆಯಿಂದ ಢಣ್, ಢಣ್, ಢಣ್! ಊರಿಗೆ ಊರೇ ಎದ್ದು ಓಡಿತು. ನೋಡಿದರೆ ನಮ್ಮ ದೊಡ್ಡಮಾವ ಏರಿಯ ಮೇಲೆ ಕುಣಿಯುತ್ತ ಪರಾತ ಬಡಿಯುತ್ತಿದ್ದಾರೆ, "ಹೋಗ್ರಿ! ಹೋಗ್ರೋ ಯಪ್ಪಾ, ಹೋಗ್ರಿ!" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದಾರೆ! ಕೆರೆಯೇ ಎದ್ದು ನಿಂತಂತೆ ಹಕ್ಕಿಗಳೆಲ್ಲ ಮೇಲೆದ್ದು, ಒಂದು ಸುತ್ತು ತಿರುಗಿ, ಭೀಮೆಯ ಕಡೆ ಹೋಗಿಬಿಟ್ಟವು. ಆಚೆ ದಂಡೆಯಲ್ಲಿ ಗೆಳೆಯರು ಚಹಾದ ಬಟ್ಟಲು ಹಿಡಿದುಕೊಂಡು ಖಾಲಿ ನೀರು ನೋಡುತ್ತ ನಿಂತರು.

ಜಾಗೀರದಾರರು ಕರೆಸಿ ಕೇಳಿದರಂತೆ: "ಹುಚ್ಚು ಹಿಡದೈತೇನು ನಿನಗ?"

"ಇಲ್ರೀ ಹುಜೂರ್. ಕಾಯಿ ಅಂತ ನೀವೇ ಹುಕುಂ ಕೊಟ್ಟೀರಿ, ಕಾಯ್ದೇನಿ."

ಅವರ ಕಾರಭಾರಿ ಮುಂದೆ ಬಂದು ದೊಡ್ಡಮಾವನ ಎದೆಯ ಮೇಲಿನ ಬಿಲ್ಲೆಯನ್ನು ಕಿತ್ತುಕೊಂಡ. ಅಂಗಿಯೂ ಹರಿಯಿತು. ಹರಿದ ಅಂಗಿಯಲ್ಲೇ ದೊಡ್ಡಮಾವ ಮದುಮಗನಂತೆ ನಗುತ್ತ ಮನೆಗೆ ಬಂದರು. ಬಿಲ್ಲೆ ಹೋಯಿತು, ನೌಕರಿ ಹೋಯಿತು. ಕೆರೆ ಕಾಯುವುದು ಮಾತ್ರ ಹೋಗಲಿಲ್ಲ! ಡೇರೆಗಳು ಎದ್ದುಹೋದ ಮೇಲೆ ಬೀಗರೂ ಮೆಲ್ಲಗೆ ಮರಳಿ ಬಂದರು.

ಮನೆಯಲ್ಲಿ ನನ್ನ ಗೋಳು ಬೇರೆ ಇತ್ತು. ಪರಾತ ನಡುವೆ ನೆಗ್ಗಿ, ಅಂಚು ಸೀಳಿ, ಯಾವ ಕೆಲಸಕ್ಕೂ ಬಾರದಂತಾಗಿತ್ತು. ಅದನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದೆ. ದೊಡ್ಡಮಾವ ಬಾಗಿಲಲ್ಲೇ ನಿಂತರು.

"ಹೊಸಾದು ತಂದು ಕೊಡ್ತೇನಿ ಯವ್ವಾ."

"ಬ್ಯಾಡ್ರಿ. ಇದು ನಮ್ಮವ್ವ ಕೊಟ್ಟದ್ದು."

ಅವರು ಹೊಸ್ತಿಲಾಚೆ ಕೂತರು. ಆಮೇಲೆ ಕೇಳಿದರು: "ನಿಮ್ಮವ್ವನ್ನ ನೋಡಿ ಎಷ್ಟು ದಿನಾತು?"

"ಮದವಿ ಆದ ಮ್ಯಾಲ ನೋಡಿಲ್ರಿ." ಪಂಚಮಿಗೆ ಹೊಳೆ, ದೀಪಾವಳಿಗೆ ಎತ್ತಿನ ಕಾಲುನೋವು, ಈಗ ಸುಗ್ಗಿ ಮುಗಿಯಲಿ ಎಂಬ ಅತ್ತೆಯ ಮಾತು. ಎಲ್ಲ ಹೇಳಿದೆ. ಅವರು ಎದ್ದು ಕೆರೆಗೆ ಹೋದರು.

ಯುಗಾದಿಯ ಹೊತ್ತಿಗೆ ಬೀಗರು ಉತ್ತರಕ್ಕೆ ಎದ್ದರು. ಕೊನೆಯ ಸಾಲು ಕಣ್ಣಿಗೆ ಕಾಣದಂತಾದ ದಿನವೇ ದೊಡ್ಡಮಾವ ಮನೆಗೆ ಬಂದು ಗಾಡಿ ಕಟ್ಟಿದರು. "ಏಳವ್ವಾ, ನಿನ್ನ ತವರಮನಿಗೆ ಬಿಟ್ಟು ಬರ್ತೇನಿ."

"ರಾಶಿ ಇನ್ನೂ ಉಳದೈತಿ! ಮ್ಯಾಲ ನಿಮ್ಮ ಕೆರಿ ಯಾರು ಕಾಯ್ತಾರ್ರಿ?" ಅತ್ತೆ ಬ್ರಹ್ಮಾಸ್ತ್ರ ಬಿಟ್ಟೆನೆಂದುಕೊಂಡರು.

"ನೀವ ಕಾಯ್ರಿ."

ಒಂದು ದಿನವೂ ಕೆರೆ ಬಿಟ್ಟು ಇರದವರ ಬಾಯಲ್ಲಿ ಆ ಮಾತು ಬಂದದ್ದೇ ತಡ, ಅತ್ತೆ ಒಳಗೆ ಹೋಗಿ ನಮ್ಮ ದಾರಿಯ ಬುತ್ತಿ ಕಟ್ಟತೊಡಗಿದರು. ಆಮೇಲೆ ಕೇಳಿದೆ: ಬಡಿಗೆ ಹಿಡಿದು ಏರಿಯ ಮೇಲೆ ಕೂತ ಅತ್ತೆ, ನಮ್ಮ ಮನೆಯ ಎಮ್ಮೆಯನ್ನೂ ನೀರಿಗಿಳಿಯಲು ಬಿಡಲಿಲ್ಲವಂತೆ!

ಭೀಮೆಯಲ್ಲಿ ಮೊಣಕಾಲುದ್ದ ನೀರಿತ್ತು. ನಡುಹೊಳೆಯಲ್ಲಿ ಎತ್ತುಗಳು ನೀರು ಕುಡಿಯಲು ನಿಂತವು. ದೊಡ್ಡಮಾವ ನನ್ನ ಕಡೆ ತಿರುಗದೆಯೇ ಮಾತು ತೆಗೆದರು.

"ನನಗೊಬ್ಬಾಕಿ ತಂಗಿ ಇದ್ದಳು ಯವ್ವಾ. ಅಫಜಲಪುರದ ಕಡೆ ಕೊಟ್ಟಿದ್ವಿ, ಈ ಹೊಳಿ ದಾಟಿ. ಪಂಚಮಿಗೆ ಕರೀಲಿಕ್ಕೆ ಹೋದ್ರ ಹೊಳಿ ತುಂಬಿತ್ತು, ಈ ದಂಡಿಂದನ ತಿರುಗಿ ಬಂದ್ನಿ. ಹೊಳಿ ಇಳದ ಮ್ಯಾಲ ಅವರೇ ಕಳಸ್ತೇವಿ ಅಂದ್ರು. ದಿನಾ ಏರಿ ಮ್ಯಾಲ ಕುಂತು ಗಾಡಿಹಾದಿ ನೋಡ್ತಿದ್ನಿ."

ನಾನು ಸೆರಗು ಸರಿಸಿ ಅವರ ಬೆನ್ನನ್ನು ನೋಡಿದೆ.

"ಗಾಡಿ ಬರಲಿಲ್ಲ. ಹಡಿಯೂ ಮುಂದ ತೀರಿಹೋದಳಂತ ಸುದ್ದಿ ಬಂತು. ಅವತ್ತ ಸಂಜಿಮುಂದ ಈ ಬಾತು ಬಂದು ಇಳದ್ವು. ಎಲ್ಲಿಂದೋ, ಯಾರೂ ಕರೀಲಾರದ, ತಾವ ಹಾದಿ ಹುಡಿಕ್ಕೊಂಡು ಬಂದಿದ್ವು. ಅವನ್ನ ನೋಡ್ಕೋತ ಕುಂತ್ನಿ. ಏಳೂದು ಆಗಲಿಲ್ಲ."

ಎತ್ತುಗಳು ಮುಸುಡಿ ಎತ್ತಿದವು. ಗಾಡಿ ಆಚೆ ದಂಡೆ ಹತ್ತಿತು.

ಮೂರನೆಯ ದಿನ ಮಾದನಹಿಪ್ಪರಗಾ ಮುಟ್ಟಿದಾಗ ಹೊತ್ತು ಇಳಿದಿತ್ತು. ಗಾಡಿಯ ಸಪ್ಪಳಕ್ಕೆ ಹೊರಗೆ ಬಂದ ಅವ್ವ ನನ್ನನ್ನು ಕಂಡು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟಳು. ಆಮೇಲೆ ಓಡಿ ಬಂದು ನನ್ನ ಮುಖವನ್ನೆಲ್ಲ ಕೈಯಿಂದ ಸವರಿದಳು. ಸ್ವಲ್ಪ ಸುಧಾರಿಸಿಕೊಂಡ ಮೇಲೆ ದೊಡ್ಡಮಾವನಿಗೆ ಕಾಲಿಗೆ ನೀರು ಕೊಟ್ಟು, "ಒಳಗ ಬರ್ರಿ, ಬೀಗರ. ಊಟ ಮಾಡಿ ನಾಲ್ಕು ದಿನ ಇದ್ದು ಹೋಗ್ರಿ" ಎಂದಳು.

ನರೆತ ಮೀಸೆಯ, ಬಾಗಿದ ಬೆನ್ನಿನ ದೊಡ್ಡಮಾವ ಎರಡೂ ಕೈ ಜೋಡಿಸಿದರು. 

"ಇಲ್ರೀ ಯವ್ವಾ, ಹೊಂಡ್ತೇನಿ. ಬರೂದು ಭಾಳ ತಡಾ ಆತು, ತಪ್ಪು ತಿಳೀಬ್ಯಾಡ್ರಿ. ನಮ್ಮ ತಂಗೀನ್ನ ಕರಕೊಂಡು ಬಂದೇನಿ."

ತಂಗಿ! ಅವ್ವ ನಕ್ಕು ತಿದ್ದಲು ಬಾಯಿ ತೆರೆದಳು. ನಾನು ಅವಳ ಕೈ ಹಿಡಿದು ಒತ್ತಿದೆ. ದೊಡ್ಡಮಾವನಿಗೆ ತಾವು ಏನೆಂದೆವೆಂಬುದು ತಿಳಿಯಲೇ ಇಲ್ಲ. ಗಾಡಿ ತಿರುಗಿಸಿಕೊಂಡು, ಹೊಳೆಯ ದಾರಿ ಹಿಡಿದು ಹೊರಟೇಬಿಟ್ಟರು.