ಸಾಹೇಬರ ಬೆನ್ನಿನ ಮೇಲೊಂದು ಕೆಟಲ್

ದಿನಕ್ಕೊಂದು ಚಿತ್ರ! ಭೂಮಿ ಬಾಯಿಬಿಟ್ಟರೂ ಸರಿ, ಬೆಳಗ್ಗೆ ಆರಕ್ಕೆ ಪೆನ್ಸಿಲ್ ಹಿಡಿದೇ ಸೈ ಎಂದು ನಕ್ಷೆಗಾರ ಮಹಾಶಯ ಹೆಂಡತಿಯ ಎದುರು ಘೋಷಿಸಿದ. ಭೂಮಾಪನ ಕಚೇರಿಯಲ್ಲಿ ಹದಿನಾಲ್ಕು ವರ್ಷ ಕಂಡವರ ಹೊಲದ ಗಡಿ ಎಳೆದ ಕೈ ಅದು. ಇನ್ನು ಕಲೆಗಾಗಿ ಎಳೆಯಲಿತ್ತು!

"ಎಳೀರಿ. ನನ್ನ ಮೇಜಿನ ತಂಟೆಗೆ ಮಾತ್ರ ಬರಬೇಡಿ," ಎಂದಳು ಹೆಂಡತಿ. ಅವಳದು ಮನೆಯಲ್ಲೇ ಹೊಲಿಗೆಯ ಕೆಲಸ. ಮನೆಯಲ್ಲಿದ್ದ ಒಂದೇ ದೊಡ್ಡ ಮೇಜೆಂದರೆ ಬಟ್ಟೆ ಕತ್ತರಿಸುವ ಆ ಮೇಜು.

ಮೊದಲ ದಿನ ಚಹಾದ ಕೆಟಲನ್ನು ಆರಿಸಿಕೊಂಡ. ಎಡವಟ್ಟಾದದ್ದು ಅಲ್ಲೇ. ಅಳತೆಯಿಲ್ಲದೆ ಗೆರೆ ಎಳೆಯುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಕೆಟಲಿನ ಹೊಟ್ಟೆಗೆ ಟೇಪು ಸುತ್ತಿದ, ಮೂತಿಗೆ ಕೋನಮಾಪಕ ಹಿಡಿದ. ಅಷ್ಟರಲ್ಲಿ ಕಚೇರಿಗೆ ಹೊತ್ತಾಯಿತು. ಮರುದಿನ ಮುಚ್ಚಳದ ಸರ್ವೆ. ಒಂಬತ್ತನೆಯ ದಿನವೂ ಅವನು ಅದೇ ಕೆಟಲಿನ ಸುತ್ತ ಗಿರಕಿ ಹೊಡೆಯುತ್ತಿದ್ದ. ಮನೆಯವರು ಬಾಣಲೆಯಲ್ಲಿ ಚಹಾ ಕಾಯಿಸುತ್ತಿದ್ದರು.

ಹತ್ತನೆಯ ದಿನ ಬೆಳಗ್ಗೆ ಹೆಂಡತಿ ಸ್ನಾನಕ್ಕೆ ಹೋದಾಗ ಮೇಜು ಕೈಗೆ ಸಿಕ್ಕಿತು. ಅದರ ಮೇಲೆ ಬೂದು ಬಣ್ಣದ ಬಟ್ಟೆ ಹಾಸಿತ್ತು. ಹೊದಿಕೆಯೆಂದುಕೊಂಡು ಅದರ ನಟ್ಟನಡುವೆ ಕೆಟಲ್ ಇಟ್ಟ. ಕಿಟಕಿಯ ಬಿಸಿಲಿಗೆ ಆಹಾ, ಎಂಥ ನೆರಳು! ಸರ್ವೆಯಲ್ಲಿ ಉಪಕರಣ ಎತ್ತುವ ಮೊದಲು ಅದರ ಜಾಗ ಗುರುತಿಸಬೇಕು. ನಾಳೆ ಸೂರ್ಯ ಅತ್ತಿತ್ತ ಸರಿದರೆ ತಿಳಿಯಬೇಡವೇ? ಪಕ್ಕದಲ್ಲೇ ಇದ್ದ ಸೀಮೆಸುಣ್ಣದಿಂದ ನೆರಳಿನ ಸುತ್ತ ಗೆರೆ ಎಳೆದು, ಕೆಟಲ್ ಎತ್ತಿಟ್ಟು ಕಚೇರಿಗೆ ಹೊರಟ.

ಆ ಮನೆಯಲ್ಲಿ ಗುರುತು ಹಾಕುವವಳು ಹೆಂಡತಿ, ಕತ್ತರಿಸುವವರು ನಕ್ಷೆಗಾರನ ತಾಯಿ. ಗೆರೆ ಹೋದಲ್ಲಿ ಕತ್ತರಿ ಹೋಗಬೇಕು, ಪ್ರಶ್ನೆ ಕೇಳಬಾರದು ಎಂಬುದು ಮುದುಕಿಯ ನಲವತ್ತು ವರ್ಷದ ನೇಮ.

ಮಧ್ಯಾಹ್ನ ಮನೆಯಿಂದ ಫೋನು ಬಂತೆಂದು ನಕ್ಷೆಗಾರ ಓಡಿ ಬಂದರೆ, ಹೆಂಡತಿ ಬಟ್ಟೆಯನ್ನು ಪರದೆಯಂತೆ ಎತ್ತಿ ಹಿಡಿದು ನಿಂತಿದ್ದಳು. ನಡುವಿನ ಕೆಟಲಾಕಾರದ ತೂತಿನಿಂದ ಅವಳ ಒಂದು ಕಣ್ಣು ಅವನನ್ನೇ ದುರುಗುಟ್ಟುತ್ತಿತ್ತು.

"ಇದು ಯಾರ ಕೋಟಿನ ಬೆನ್ನು ಗೊತ್ತಾ? ನಿಮ್ಮ ಸಾಹೇಬರದು. ಇವತ್ತು ಸಂಜೆ ಸಮಾರಂಭಕ್ಕೆ ಹಾಕ್ಕೋಬೇಕು ಅವರು."

ನಕ್ಷೆಗಾರ ತೂತನ್ನು ಎರಡೂ ಅಂಗೈಯಿಂದ ಮುಚ್ಚಿ ನೋಡಿದ. ಅವನ ಬಡ್ತಿಯ ಕಾಗದ ರುಜುವಿಗಾಗಿ ಮೂರು ತಿಂಗಳಿಂದ ಸಾಹೇಬರ ಮೇಜಿನ ಮೇಲೆ ಬಿದ್ದಿತ್ತು.

"ಅಮ್ಮಾ, ಬೆನ್ನಲ್ಲಿ ಕೆಟಲ್ ಕತ್ತರಿಸುವಾಗ ನಿನಗೆ ಏನೂ ಅನ್ನಿಸಲಿಲ್ವಾ?"

"ಅನ್ನಿಸ್ತಪ್ಪಾ. ದೊಡ್ಡ ಸಾಹೇಬರು, ಬೆನ್ನಿಗೆ ಗಾಳಿ ಬೇಕೇನೋ ಅಂದ್ಕೊಂಡೆ. ಮೂತಿ ಹತ್ತಿರ ತಿರುವು ಎಷ್ಟು ನಾಜೂಕಾಗಿ ಬಂದಿದೆ ನೋಡು."

ಅದೇ ಬಟ್ಟೆ ಇನ್ನೊಂದು ಗೇಣೂ ಉಳಿದಿರಲಿಲ್ಲ. ಹೆಂಡತಿ ಹಲ್ಲು ಕಚ್ಚಿ, ತೂತಿನ ಹಿಂದೆ ಕೆಂಪು ರೇಷ್ಮೆಯ ತುಂಡು ಇಟ್ಟು, ಅಂಚಿಗೆ ಹಳದಿ ದಾರ ಓಡಿಸಿದಳು. ಅವನಿಗೆ ಇಸ್ತ್ರಿ ಹಾಕುವ ಕೆಲಸ ಸಿಕ್ಕಿತು.

ಸಂಜೆ ಸಭಾಂಗಣದ ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕದಲ್ಲೇ ಕುಳಿತ. ಸಾಹೇಬರು ವೇದಿಕೆಯಲ್ಲಿ ಬೆನ್ನು ತಿರುಗಿಸಿದರು. ಕೆಂಪು ಕೆಟಲ್ ಧಗಧಗ ಹೊಳೆಯಿತು. ಮುಂದಿನ ಸಾಲಿನವರು ಕತ್ತು ಚಾಚಿದರು. ಎಲ್ಲಿಂದಲೋ ಒಂದು ಚಪ್ಪಾಳೆ ಬಿತ್ತು, ಆಮೇಲೆ ಇಡೀ ಸಭೆ ಚಪ್ಪಾಳೆ ತಟ್ಟಿತು. ಸಾಹೇಬರು ಖುಷಿಯಿಂದ ಇನ್ನೊಂದು ಸುತ್ತು ತಿರುಗಿದರು!

ಕಾರ್ಯಕ್ರಮ ಮುಗಿದೊಡನೆ ಅವನಿಗೆ ಕರೆ ಬಂತು. ಮುಖ್ಯ ಅತಿಥಿಗಳಿಗೂ ಇಂಥದ್ದೇ ಕೋಟು ಬೇಕಂತೆ, ನಿನ್ನ ಬಡ್ತಿಯ ಕಾಗದಕ್ಕೆ ನಾಳೆಯೇ ರುಜು ಹಾಕುತ್ತೇನೆ ಎಂದರು ಸಾಹೇಬರು. 'ಆ ಚಿತ್ರ ನನ್ನದೇ ಸಾರ್' ಎಂಬ ಮಾತು ನಾಲಗೆಯ ತುದಿಗೆ ಬಂತು. ಆದರೆ ಚಿತ್ರ ತನ್ನದೆಂದರೆ ತೂತೂ ತನ್ನದೇ ಆಗುತ್ತದೆ. ಹಾಗೇ ನುಂಗಿಕೊಂಡ.

ಸಾಹೇಬರು ಅವನ ಹೆಗಲ ಮೇಲೆ ಕೈಯಿಟ್ಟರು.

"ನೋಡಯ್ಯಾ, ಆ ಕೆಟಲಲ್ಲಿ ಎಂಥ ಜೀವ ಇದೆ. ನಿನಗೆ ಗಡಿ ಗೆರೆ ಎಳೆಯೋದು ಬಿಟ್ರೆ ಬೇರೇನೂ ಬರಲ್ಲ. ದಿನಾ ಅರ್ಧ ಗಂಟೆ ನಿಮ್ಮ ಮನೆಯವರ ಹತ್ತಿರ ಕೂತು ಚಿತ್ರ ಬರೆಯೋದು ಕಲಿತ್ಕೋ."