ಕೆಳಗಿಳಿಯದ ಸಾರಿನ ಪುಡಿ

ದೆವ್ವ ಭೂತಗಳಲ್ಲಿ ನನಗೆ ನಂಬಿಕೆ ಇಲ್ಲ. ಆದರೆ ದೀಪ ಹಚ್ಚುವ ಹೊತ್ತು ದಾಟಿದ ಮೇಲೆ ಮೂಡಲಪಾಳ್ಯದ ನಮ್ಮ ಅಡುಗೆಮನೆಗೆ ನಾನು ಕಾಲಿಟ್ಟರೆ ಸಾಕು, ಏನಾದರೊಂದು ಆಗಿಯೇ ಆಗುತ್ತದೆ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ನಾನು ಮತ್ತು ಡಿಗ್ರಿ ಓದುತ್ತಿರುವ ಮಗಳು. ದಿನಾ ಊಟ ಹೊರಗಿಂದ ತರಿಸಿದರೆ ಜೇಬಿಗೂ ಆಗುವುದಿಲ್ಲ, ಹೊಟ್ಟೆಗೂ ಆಗುವುದಿಲ್ಲ. ಹಾಗಾಗಿ ಡಬ್ಬಿಗಳಲ್ಲಿ ಇರುವುದರಲ್ಲೇ ಅರ್ಧ ಗಂಟೆಯ ಅಡುಗೆ. ಇವತ್ತು ಉಪ್ಪಿಟ್ಟು, ನಾಳೆ ಗೊಜ್ಜವಲಕ್ಕಿ, ಮಿಕ್ಕ ದಿನವೆಲ್ಲ ಅನ್ನ ಸಾರು. ನಾನು ರಾಜಾಜಿನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು. ನಟ್ಟು ಬೋಲ್ಟುಗಳ ಡಬ್ಬಿ ನಿಭಾಯಿಸಿದವನಿಗೆ ರವೆ, ಅವಲಕ್ಕಿ ಡಬ್ಬಿ ಯಾವ ಮಹಾ ಅಂದುಕೊಂಡಿದ್ದೆ.

೧. ಯಾರೂ ಹೊತ್ತಿಸದ ಒಲೆ

ಅಡುಗೆ ಕೈಗೆತ್ತಿಕೊಂಡ ಮೊದಲ ವಾರ. ಅಕ್ಕಿ ತೊಳೆದು, ಮೇಲೊಂದು ಬಟ್ಟಲಲ್ಲಿ ತೊಗರಿಬೇಳೆ ಇಟ್ಟು, ಕುಕ್ಕರ್ ಮುಚ್ಚಿ ಹಾಲಿಗೆ ಬಂದು ಕೂತೆ. ಸ್ವಲ್ಪ ಹೊತ್ತಿಗೆ ಮೂರು ಸಲ ಕೂಗಿತು. ನನ್ನ ಹೆಂಡತಿ ಆರಿಸುತ್ತಿದ್ದುದೂ ಮೂರಕ್ಕೇ. ಎದ್ದು ಹೋಗಿ ನೋಡಿದರೆ ಒಲೆಯಲ್ಲಿ ಉರಿಯೇ ಇರಲಿಲ್ಲ.

ಕುಕ್ಕರ್ ಮುಟ್ಟಿದೆ. ತಣ್ಣಗಿತ್ತು. ಕೈ ಅದರ ಮೇಲಿರುವಾಗಲೇ ನಾಲ್ಕನೇ ಸಲ ಕೂಗಿತು, ಕಿವಿಯ ಪಕ್ಕದಲ್ಲೇ. ವಿಷಲ್ಲು ಕದಲಲೂ ಇಲ್ಲ, ಹಬೆಯೂ ಬರಲಿಲ್ಲ. ನನ್ನ ಬೆನ್ನು ಬೆವತುಹೋಯಿತು. 

ಅಷ್ಟರಲ್ಲಿ ಮಗಳು ನೀರು ಕುಡಿಯಲು ಬಂದಳು. ನಾನು ಕುಕ್ಕರಿಗೆ ಕೈಮುಗಿದು ನಿಂತಿದ್ದೆನಂತೆ. ನಮ್ಮ ಕಡೆಯ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿರುವುದರಿಂದ ಪಕ್ಕದ ಮನೆಯವರ ಒಲೆಯೂ ನಮ್ಮ ಒಲೆಯೂ ಹೆಚ್ಚುಕಮ್ಮಿ ಬೆನ್ನಿಗೆ ಬೆನ್ನು. ಮಗಳು ಮುಚ್ಚಳ ತೆಗೆದು ಒಳಗೆ ಇಣುಕಿದಳು. 'ಕೂಗಿದ್ದು ಪಕ್ಕದ ಮನೆ ಆಂಟಿ ಕುಕ್ಕರ್ ಅಪ್ಪಾ. ನಮ್ಮ ಅಕ್ಕಿ ಇನ್ನೂ ಸ್ನಾನ ಮಾಡ್ತಾ ಇದೆ' ಅಂದಳು.

೨. ಕತ್ತಲಲ್ಲಿ ಬಂದ ಅಪ್ಪಣೆ

ಇನ್ನೊಂದು ಸಂಜೆ ಬಸ್ ಇಳಿದು ಬರುವಾಗ ಬೀದಿಗೆ ಬೀದಿಯೇ ಕತ್ತಲು, ಕರೆಂಟ್ ಹೋಗಿತ್ತು. ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಟ್ಟೆನಷ್ಟೇ, ಅಡುಗೆಮನೆಯಿಂದ ನನ್ನ ಹೆಂಡತಿಯ ಧ್ವನಿ ಬಂತು.

'ನಿಮ್ಮಪ್ಪ ಬಂದಿರ್ತಾರೆ ನೋಡು. ಸುಮ್ನೆ ಕೂರಿಸ್ಬೇಡ, ಈರುಳ್ಳಿ ಹೆಚ್ಚೋಕೆ ಹೇಳು.'

ಅದೇ ಧ್ವನಿ, ಕೊನೆಯಲ್ಲಿ ಅದೇ ಸಣ್ಣ ಕೆಮ್ಮು. ಓಡಿಹೋಗಬೇಕು ಅನ್ನಿಸಲಿಲ್ಲ, ಅದೇ ವಿಚಿತ್ರ. ಇಪ್ಪತ್ತು ವರ್ಷದ ಅಭ್ಯಾಸ ನೋಡಿ, ಗೋಡೆ ತಡಕಾಡಿಕೊಂಡು ಹೋಗಿ ಈರುಳ್ಳಿ ಬುಟ್ಟಿ ಎಳೆದುಕೊಂಡು ನೆಲದ ಮೇಲೆ ಕೂತೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಇನ್ನೊಂದು ಮಾತು ಬರಬಹುದೇನೋ ಅಂತ ಹೆಚ್ಚುತ್ತಲೇ ಇದ್ದೆ. ಬರಲಿಲ್ಲ.

ದೇವರ ಗೂಡಿನಿಂದ ಮೇಣದಬತ್ತಿ ತರಲು ಹೋಗಿದ್ದ ಮಗಳು ಬೆಳಕು ಹಿಡಿದು ಬಂದಾಗ ವಿಷಯ ತಿಳಿಯಿತು. ಹಿಂದೊಮ್ಮೆ ಅಕ್ಕನ ಮನೆಗೆ ಹೋಗಿದ್ದ ನನ್ನ ಹೆಂಡತಿ, ಉಪ್ಪಿಟ್ಟು ಮಾಡುವ ಬಗೆಯನ್ನು ಮಗಳ ಫೋನಿಗೆ ಮಾತಾಡಿ ಕಳಿಸಿದ್ದಳು. ಉಪ್ಪಿಟ್ಟಿನ ದಿನ ಇವಳು ಅದನ್ನು ಕಟ್ಟೆಯ ಮೇಲಿಟ್ಟು ಕೇಳಿಕೊಂಡು ಮಾಡುತ್ತಾಳೆ. ನಾನು ಯಾಕೆ ಅಳುತ್ತಿದ್ದೇನೆ ಅಂತ ಅವಳು ಕೇಳಲಿಲ್ಲ. ಬುಟ್ಟಿ ನೋಡಿದಳು. 'ಅಮ್ಮ ಹೇಳಿದ್ದು ಒಂದು ಈರುಳ್ಳಿ' ಅಂದಳು. ಬುಟ್ಟಿ ಖಾಲಿಯಾಗಿತ್ತು. ಮುಂದಿನ ಮೂರು ದಿನ ನಮ್ಮ ಮನೆಯಲ್ಲಿ ಈರುಳ್ಳಿ ಹಾಕದೆ ಉಳಿದದ್ದು ಕಾಫಿಗೆ ಮಾತ್ರ.

೩. ತುಂಬಿಕೊಳ್ಳುವ ಡಬ್ಬಿ

ಇವೆರಡನ್ನೂ ನಾನು ನಕ್ಕು ಮರೆತೆ. ನಿದ್ದೆಗೆಡಿಸಿದ್ದು ಸಾರಿನ ಪುಡಿ.

ನಮ್ಮ ಮನೆಯಲ್ಲಿ ಸಾರಿನ ಪುಡಿ ಎಂದರೆ ಸಣ್ಣ ವಿಷಯವಲ್ಲ. ನನ್ನ ಹೆಂಡತಿ ಪುಡಿ ಮಾಡುವ ದಿನ ಅಡುಗೆಮನೆ ಬಾಗಿಲು ಹಾಕಿಕೊಳ್ಳುತ್ತಿದ್ದಳು. ತವರುಮನೆ ಅಳತೆ, ಯಾರೂ ನೋಡಬಾರದು. ಒಳಗೆ ಮೆಣಸಿನಕಾಯಿ ಹುರಿಯುವ ಘಾಟಿಗೆ ಹಾಲಿನಲ್ಲಿ ನಾವು, ಆಚೆ ಪಕ್ಕದ ಮನೆಯವರು, ಎಲ್ಲರೂ ಸೀನುತ್ತಿದ್ದೆವು. ಯಾರ ಅಡುಗೆಯನ್ನೂ ಮೆಚ್ಚದ ನನ್ನ ತಾಯಿ ಆ ಪುಡಿಯೊಂದಕ್ಕೆ ಮಾತ್ರ ಸೊಸೆಯನ್ನು ಹೊಗಳಿದ್ದರು.

ಅವಳು ಹೋದಾಗ ಸ್ಟೀಲ್ ಡಬ್ಬಿಯಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಪುಡಿ ಉಳಿದಿತ್ತು. ಅದು ಮುಗಿದರೆ ಅವಳ ಕೈರುಚಿಯೂ ಮುಗಿಯಿತು. ಆ ದಿನ ಬರುವುದು ನನಗೆ ಬೇಡವಾಗಿತ್ತು, ಅವಳು ಇನ್ನೊಂದು ಸಲ ಹೋದ ಹಾಗೆ ಅನ್ನಿಸುತ್ತಿತ್ತು. ಅರ್ಧ ಚಮಚ ಹಾಕಿ, ಉಳಿದದ್ದಕ್ಕೆ ಹುಣಸೆಹುಳಿ ಬಿಟ್ಟು ಸರಿದೂಗಿಸುತ್ತಿದ್ದೆ.

ತಿಂಗಳುಗಳು ಕಳೆದವು. ಪುಡಿ ಮಾತ್ರ ಅರ್ಧದಲ್ಲೇ ನಿಂತಿತ್ತು.

ಸ್ಟೋರ್ಸಿನಲ್ಲಿ ಕೂದಲು ನೆರೆಸಿಕೊಂಡವನು ನಾನು. ತೆಗೆದ ಮಾಲು ಕಡಿಮೆಯಾಗಲೇಬೇಕು. ಒಂದು ದಿನ ಚಮಚದ ಬೆನ್ನಿನಿಂದ ಪುಡಿಯ ನಡುವೆ ಗುಳಿ ಒತ್ತಿ ಮುಚ್ಚಿಟ್ಟೆ. ಕೆಲವು ದಿನ ಗುಳಿ ಇತ್ತು. ಆಮೇಲೊಂದು ಸಂಜೆ ತೆರೆದರೆ ಗುಳಿ ಇಲ್ಲ. ಪುಡಿ ಸಮತಟ್ಟಾಗಿತ್ತು, ಅವಳು ಮಾಡುತ್ತಿದ್ದ ಹಾಗೆ ಚಮಚವನ್ನು ಅಂಚಿಗೆ ಸಿಕ್ಕಿಸಲಾಗಿತ್ತು. ಮಗಳಿಗೆ ಹೇಳಿದರೆ ಹೆದರುತ್ತಾಳೆಂದು ಹೇಳಲಿಲ್ಲ. ಅವಳು ಓದುವ ಕೋಣೆಯಲ್ಲಿದ್ದಾಗ ಡಬ್ಬಿಯ ಹತ್ತಿರ ಬಗ್ಗಿ, 'ನೀನೇ ಏನೇ?' ಅಂತ ಕೇಳಿದೆ. ಡಬ್ಬಿ ಸುಮ್ಮನಿತ್ತು. ಬದುಕಿದ್ದಾಗಲೂ ಅಡುಗೆಮನೆಯಲ್ಲಿ ನಾನು ಕೇಳಿದ್ದಕ್ಕೆ ಅವಳು ಉತ್ತರ ಕೊಟ್ಟವಳಲ್ಲ.

೪. ಹೋದ ವಾರ ಬಂದಿದ್ದ ಮೇಡಂ

ಮಗಳು ಕಾಲೇಜಿನ ಕ್ಯಾಂಪಿಗೆಂದು ಒಂದು ವಾರ ಕೆಂಗೇರಿಯ ಆಚೆ ಹೋದಳು. ಡಬ್ಬಿ ತುಂಬಿಕೊಳ್ಳುತ್ತದೋ ಇಲ್ಲವೋ ನೋಡಿಯೇಬಿಡೋಣ ಎಂದು ಆ ವಾರ ನಾನು ಹೆದರುತ್ತಲೇ ದಿನಾ ಸಾರು ಮಾಡಿದೆ, ಧಾರಾಳವಾಗಿ ಪುಡಿ ಹಾಕಿ. ಡಬ್ಬಿ ನಿಜವಾಗಿಯೂ ಇಳಿಯತೊಡಗಿತು. ಇಳಿಯದಿದ್ದಾಗ ಇದ್ದ ಭಯ ಒಂದು ಪಾಲಾದರೆ, ಇಳಿದಾಗಿನ ಸಂಕಟ ನಾಲ್ಕು ಪಾಲು. ಮಗಳು ಬರುವ ದಿನ ಡಬ್ಬಿ ಕೆರೆದರೆ ತಳದ ಸದ್ದು ಕೇಳಿಸಿತು. ಮಗಳಿಗೆ ಏನೆಂದು ಹೇಳುವುದು ಅಂತ ತಿಳಿಯದೆ, ಯಾವುದಾದರೂ ಒಂದು ಪ್ಯಾಕೆಟ್ ತಂದು ತುಂಬಿಸಿಬಿಡೋಣ ಎಂದು ಬೀದಿ ತುದಿಯ ಕಾಂಡಿಮೆಂಟ್ಸ್ ಅಂಗಡಿಗೆ ಹೋದೆ. ಎಷ್ಟೋ ವರ್ಷದಿಂದ ಅದರ ಮುಂದೆ ಓಡಾಡಿದವನು, ಒಳಗೆ ಹೋದದ್ದು ಅದೇ ಮೊದಲು.

ಸಾರಿನ ಪುಡಿ ಕೊಡಿ ಅಂದೆ. ಅಂಗಡಿಯವರು ಯಾವುದು ಅಂತ ಕೇಳದೆ ಹಿಂದಿನ ಸಾಲಿನಿಂದ ಒಂದು ಪ್ಯಾಕೆಟ್ ತೆಗೆದಿಟ್ಟರು. 'ಇಷ್ಟು ಬೇಗ ಆಗೋಯ್ತಾ ಸಾರ್? ಹೋದ ವಾರ ತಾನೆ ನಿಮ್ಮನೆ ಮೇಡಂ ಬಂದು ತಗೊಂಡು ಹೋದ್ರಲ್ಲ.'

ಕೌಂಟರ್ ಹಿಡಿದುಕೊಂಡೆ. ಅವರು ಗಾಬರಿಯಾಗಿ ಸ್ಟೂಲ್ ಹಾಕಿ ನೀರು ಕೊಟ್ಟರು. 'ಚಿಕ್ಕ ಮೇಡಂ ಸಾರ್, ನಿಮ್ಮ ಮಗಳು' ಅಂದರು. ಆಮೇಲೆ ಸಮಾಧಾನ ಮಾಡುವಂತೆ ಇನ್ನೊಂದು ಮಾತು ಸೇರಿಸಿದರು. 'ದೊಡ್ಡ ಮೇಡಂ ತಗೋತಿದ್ದಿದ್ದೂ ಇದೇ ಪುಡಿ. ನಿಮ್ಮ ತಾಯಿ ಇದ್ದ ಕಾಲದಿಂದ. ಮನೆಗೆ ಹೋಗಿ ನಾಲ್ಕು ಮೆಣಸಿನಕಾಯಿ ಹುರಿದ್ರೆ ಸಾಕು, ಎಲ್ಲಾ ಸೀನಿ ನಂಬಿಬಿಡ್ತಾರೆ ಅಂತ ನಗೋರು.'

ಮನೆಗೆ ಬಂದು ಪ್ಯಾಕೆಟ್ ಕತ್ತರಿಸಿ ಮೂಸಿದೆ. ಅವಳದೇ ವಾಸನೆ. ಇಪ್ಪತ್ತು ವರ್ಷ ನನಗೆ, ನನ್ನ ತಾಯಿಗೆ, ಇಡೀ ಬಂಧುಬಳಗಕ್ಕೆ ಟೋಪಿ ಹಾಕಿ ಹೋಗಿದ್ದಳು. ಒಬ್ಬನೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಸಂಜೆ ಮಗಳು ಬಂದಳು. ಸಾರು ಬಡಿಸಿ, ಅಂಗಡಿಗೆ ಹೋಗಿದ್ದೆ ಅಂದೆ. ಅವಳ ಕೈ ತುತ್ತಿನಲ್ಲೇ ನಿಂತಿತು. ಯಾಕಮ್ಮಾ ಹೀಗೆ ಮಾಡಿದೆ ಅಂತ ಕೇಳಿದೆ.

'ನೀವು ಡಬ್ಬಿ ಮುಂದೆ ನಿಂತು ಲೆಕ್ಕ ಹಾಕೋದು ನೋಡಕ್ಕಾಗ್ತಿರಲಿಲ್ಲ ಅಪ್ಪಾ. ಅಮ್ಮನ ಗುಟ್ಟು ಅಂಗಡಿಯವರು ಹೇಳಿದ್ರು. ಪುಡಿ ಮುಗೀದೇ ಇದ್ರೆ ಸಾಕಿತ್ತು.'

ಊಟ ಮುಗಿಸಿ ಅವಳು ಎದ್ದಳು. ನನ್ನನ್ನೂ ಒಳಗೆ ಕರೆದು ಅಡುಗೆಮನೆ ಬಾಗಿಲು ಹಾಕಿ, ಬಾಣಲೆಗೆ ನಾಲ್ಕು ಬ್ಯಾಡಗಿ ಮೆಣಸಿನಕಾಯಿ ಎಸೆದಳು. ಘಾಟು ಎದ್ದಿತು. ನಾವಿಬ್ಬರೂ ಸೀನಿ ಸೀನಿ ಗೋಡೆಗೆ ಒರಗಿದೆವು. ಗೋಡೆಯ ಆಚೆಯಿಂದಲೂ ಸೀನು ಕೇಳಿಸಿತು, ಹಿಂದೆಯೇ ಪಕ್ಕದ ಮನೆ ಆಂಟಿ ಕಿಟಕಿಗೆ ಬಂದರು. ಅವರ ಕಣ್ಣು ತುಂಬಿತ್ತು, ಘಾಟಿಗೋ ಏನೋ. 'ಅಮ್ಮನ ಪುಡಿ ಮಾಡ್ತಿದೀಯೇನೇ? ಅದೇ ಘಮ ಕಣೇ, ನಿನ್ ಕೈಗೂ ಬಂದಿದೆ. ನಂಗೂ ಒಂದು ಡಬ್ಬಿ ಎತ್ತಿಡು' ಅಂದರು.

ಆಗಲಿ ಆಂಟಿ, ಅಮ್ಮನ ಅಳತೆಯೇ ಅಂದಳು ಮಗಳು, ಮುಖದ ಒಂದು ಗೆರೆಯೂ ಅಲುಗದಂತೆ. ಥೇಟ್ ಅವಳಮ್ಮ. ನಾನು ಸದ್ದಿಲ್ಲದೆ ಚಪ್ಪಲಿ ಮೆಟ್ಟಿಕೊಂಡು, ಅಂಗಡಿ ಬಾಗಿಲು ಹಾಕುವ ಮುಂಚೆ ಇನ್ನೊಂದು ಪ್ಯಾಕೆಟ್ ತರಲು ಓಡಿದೆ.