ಐದು ಸ್ಪೀಕರಿಗೆ ಆರು ಅಭಿಪ್ರಾಯ

ಕೊಡ ಕೊಂಡು ಹೋದವರು ಕೊಡ ಹೇಗಿದೆ ಎಂದು ಹೇಳಲು ತಿರುಗಿ ಅಂಗಡಿಗೆ ಬರುವುದಿಲ್ಲ. ಸೋರಿದರೆ ಬರುತ್ತಾರೆ, ಸೋರದಿದ್ದರೆ ನೀರು ತುಂಬುತ್ತಾರೆ. ಅವಾಜು ಮಾರುವವನ ಹಣೆಬರಹ ಬೇರೆ. ಅವಾಜಿನ ಡಬ್ಬಿ ಕೆಟ್ಟರೂ ಬರುತ್ತಾರೆ, ಕೆಡದಿದ್ದರೂ ಬರುತ್ತಾರೆ. ಕಿವಿ ಇದ್ದವರಿಗೆಲ್ಲ ಅವಾಜಿನ ಬಗ್ಗೆ ಒಂದು ಅಭಿಪ್ರಾಯ ಇದ್ದೇ ಇರುತ್ತದೆ.

ತೊಂಬತ್ತರ ದಶಕದಲ್ಲಿ ಆಳಂದದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದು ರೇಡಿಯೋ, ಟೇಪು, ಟಿ.ವಿ. ರಿಪೇರಿ ಅಂಗಡಿ. ಮನೆಗಳಿಗೆ ಬಣ್ಣದ ಟಿ.ವಿ., ವಿಸಿಆರ್ ಬರತೊಡಗಿದ ಮೇಲೆ ನಾನು ಸುತ್ತ ಕಡೆಯಿಂದ ಅವಾಜು ಕೊಡುವ ಸರೌಂಡ್ ಆಂಪ್ಲಿಫಾಯರ್ ಜೋಡಿಸಿ ಮಾರಲು ಶುರು ಮಾಡಿದೆ. ಒಂದು ಡಬ್ಬಿ, ಅದಕ್ಕೆ ಐದು ಸ್ಪೀಕರು. ಟಿ.ವಿ.ಯ ಎಡಕ್ಕೊಂದು, ಬಲಕ್ಕೊಂದು, ನಡುವೆ ಒಂದು, ಕುಳಿತವರ ಬೆನ್ನ ಹಿಂದೆ ಎರಡು. ಸಿನೆಮಾದಲ್ಲಿ ಲಾರಿ ಎದುರಿಗೆ ಬಂದು ಹಿಂದಕ್ಕೆ ಹೋದರೆ ಮನೆಯೊಳಗೂ ಹಾಗೇ ಹೋಗಬೇಕು. ನನ್ನ ಡಬ್ಬಿಯಲ್ಲಿ ಹೋಗುತ್ತಿತ್ತು. ಈ ವಿಷಯದಲ್ಲಿ ನನಗೆ ಆಗಲೂ ಸಂಶಯವಿರಲಿಲ್ಲ, ಈಗಲೂ ಇಲ್ಲ. ಸಂಶಯವೆಲ್ಲ ಕೊಂಡವರಿಗೆ.

ಶೋಕೇಸಿನ ಸಾಲು

ಆಳಂದದ ಒಬ್ಬ ವಕೀಲರು ಡಬ್ಬಿ ಒಯ್ದರು. "ವಾಯರ್ ಜೋಡಿಸೋದು ನನಗ ಬರ್ತದ, ನೀವು ಬರೋದು ಬ್ಯಾಡ" ಎಂದರು. ಒಂದು ವಾರಕ್ಕೆ ಅಂಗಡಿಯ ಮುಂದೆ ನಿಂತು, ಕೋರ್ಟಿನಲ್ಲಿ ವಾದ ಶುರು ಮಾಡುವ ದನಿಯಲ್ಲಿ, "ಸುತ್ತ ಕಡಿಂದ ಅವಾಜ ಬರ್ತದ ಅಂದಿದ್ರಿಲ್ಲೋ? ಎಲ್ಲಾ ಒಂದ ಕಡಿಂದ ಬರಾಕತ್ತದ. ಇದಕ್ಕೇನಂತೀರಿ?" ಎಂದರು.

"ಮನೀಗೆ ನಡೀರಿ, ನೋಡೂಣು" ಎಂದು ಹೊರಟೆ.

ಹೋಗಿ ನೋಡಿದರೆ ಟಿ.ವಿ.ಯ ಮೇಲಿನ ಗಾಜಿನ ಶೋಕೇಸಿನಲ್ಲಿ ಐದೂ ಸ್ಪೀಕರುಗಳು ಒಂದೇ ಸಾಲಿನಲ್ಲಿ ಕುಳಿತಿವೆ. ಪ್ರತಿಯೊಂದರ ತಲೆಯ ಮೇಲೂ ಕ್ರೋಷಾದ ಟೊಪ್ಪಿಗೆ.

"ಸಾಹೇಬ್ರ, ಇವುಗಳಾಗ ಎರಡು ಹಿಂದ ಇಡಬೇಕ್ರಿ. ಸೋಫಾದ ಹಿಂದ, ಗ್ವಾಡಿಗೆ" ಎಂದೆ.

ವಕೀಲರು ಹೆಂಡತಿಯ ಮುಖ ನೋಡಿದರು. ಕೋರ್ಟಿನ ದನಿ ಅಲ್ಲಿಗೆ ಮುಗಿಯಿತು. ಆ ತಾಯಿ ಕೈಯಲ್ಲಿದ್ದ ಚಹಾದ ತಟ್ಟೆ ಕೆಳಗಿಟ್ಟು ಶಾಂತವಾಗಿ ಕೇಳಿದರು: "ಅಲ್ರೀ, ಬಂದವರ ಬೆನ್ನ ಹಿಂದ ಇಟ್ರ, ನಮ್ಮ ಮನಿಯಾಗ ಐದು ಅದಾವಂತ ಅವರಿಗೆ ಹ್ಯಾಂಗ ಗೊತ್ತಾಗಬೇಕು?"

ಅತನೂರಿನ ಅಳಿಯ

ಅಫಜಲಪುರದ ಕಡೆ ಅತನೂರಿನಲ್ಲಿ ಒಬ್ಬ ರೈತರ ಮನೆಗೆ ನಾನೇ ಹೋಗಿ ಡಬ್ಬಿ ಜೋಡಿಸಿ ಬಂದೆ. ಸ್ಪೀಕರುಗಳನ್ನು ಎಲ್ಲಿ ಇಡಬೇಕೋ ಅಲ್ಲೇ ಇಟ್ಟೆ. ಹಿಂದಿನ ಎರಡು ಹಿತ್ತಲ ಬಾಗಿಲಿನ ಆಚೆ ಈಚೆ ಬಂದವು.

ರೈತರ ತಾಯಿ ಮುದುಕಿ. ಸಿನೆಮಾ ಚಾಲೂ ಇದ್ದಾಗ ಹಿಂದಿನಿಂದ ನಾಯಿ ಬೊಗಳಿದರೆ ಕೋಲು ಹಿಡಿದು ಹಿತ್ತಲಿಗೆ ಹೋಗುವಳು. ಯಾರೋ ಬಾಗಿಲು ಬಡಿದರೆ "ಬಂದೆ ತಡಿ" ಎಂದು ಎದ್ದು ಅಗುಳಿ ತೆಗೆಯುವಳು. ಹೊರಗೆ ಯಾರೂ ಇಲ್ಲ. ಮೊಮ್ಮಕ್ಕಳು ಬಿದ್ದು ಬಿದ್ದು ನಗುವವು. ನಾಲ್ಕಾರು ಸಲ ಹೀಗಾದ ಮೇಲೆ ಮುದುಕಿಗೆ ಸಿಟ್ಟು ಬಂತು. "ಇನ್ನ ಆ ಬಾಗಲದಾಗ ದೇವರ ಬಂದು ಕರದ್ರೂ ಏಳಂಗಿಲ್ಲ" ಎಂದು ಆಣೆ ಮಾಡಿದಳು.

ದೇವರು ಬರಲಿಲ್ಲ, ಅಳಿಯ ಬಂದ. ಮುದುಕಿಯ ಮಗಳ ಗಂಡನಾದ ಈ ಅಳಿಯನಿಗೆ ಮೂಗಿನ ತುದಿಯಲ್ಲಿ ಸಿಟ್ಟು. ಹೊಲದ ದಾರಿಯಿಂದ ಬಂದು ಹಿತ್ತಲ ಬಾಗಿಲಲ್ಲಿ ನಿಂತು "ಅತ್ತೀ... ಅತ್ತೀ..." ಎಂದ. ಒಳಗೆ ಸಿನೆಮಾ ನಡೆದಿತ್ತು. ಸೊಸೆ ಎದ್ದರೆ ಮುದುಕಿ ಅವಳ ಸೆರಗು ಹಿಡಿದು ಕೂರಿಸಿ, ಹೊರಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು: "ಕುಂದರಬೇ! ಅದು ಡಬ್ಬಿ ಅದ. ಒದರಿ ಒದರಿ ತಾನ ಸುಮ್ಮನಾಗ್ತದ."

ಅಳಿಯ ಸುಮ್ಮನಾದ. ಬಂದ ದಾರಿಯಲ್ಲೇ ತಿರುಗಿ ಹೋಗಿ ಬಸ್ಸು ಹತ್ತಿದ. ನಿಮ್ಮ ಮಗಳನ್ನು ಇನ್ನು ಮೇಲೆ ತವರಿಗೆ ಕಳಿಸುವುದಿಲ್ಲ ಎಂದು ಹೇಳಿ ಕಳಿಸಿದ. ರೈತರು ಗಾಬರಿಯಾಗಿ ಅವನ ಊರಿಗೆ ಹೋಗಿ, ಕೈಕಾಲು ಹಿಡಿದು, ಇಬ್ಬರನ್ನೂ ಕರೆತಂದರು. ಹಿಂದಿನ ಸ್ಪೀಕರು ಬಿಚ್ಚಿಕೊಂಡು ಹೋಗಿ ಎಂದು ನನಗೂ ಹೇಳಿ ಕಳಿಸಿದರು.

ನಾನು ಹೋದಾಗ ಅಳಿಯ ಹೋಳಿಗೆ ಉಂಡು ಅಂಗಳದಲ್ಲಿ ಮಲಗಿದ್ದ. ನಾನು ಸ್ಟೂಲು ಹತ್ತಿ ಸ್ಕ್ರೂಗೆ ಕೈ ಹಾಕಿದೆ. ಮುದುಕಿ ನನ್ನ ಧೋತರದ ಅಂಚು ಜಗ್ಗಿ ಪಿಸುಗುಟ್ಟಿದಳು: "ಇರಲಿ ಬಿಡಪಾ. ಅವ ಮೂರು ವರ್ಷಕ್ಕ ಒಮ್ಮೆ ಮಗಳನ್ನ ಕಳಸ್ತಿದ್ದ. ಡಬ್ಬಿ ಬಂದ ಮ್ಯಾಲ ಇಬ್ಬರೂ ಕೂಡೇ ಬಂದಾರ."

ಗೋಡೆಯಾಚೆಯ ಮಾಲಕರು

ಆಳಂದದಲ್ಲೇ ತೊಗರಿ ವ್ಯಾಪಾರಿಯೊಬ್ಬರು ಡಬ್ಬಿ ಒಯ್ದರು. ಅವರಿಗೂ ಪಕ್ಕದ ಮನೆಯ ಮಾಸ್ತರರಿಗೂ ನಡುವೆ ಒಂದೇ ಗೋಡೆ. ತಿಂಗಳೊಳಗೆ ಮಾಸ್ತರರು ನನ್ನ ಅಂಗಡಿಗೆ ಬಂದರು. ಕೊಳ್ಳದೆಯೇ ಅಭಿಪ್ರಾಯ ಹೇಳಲು ಬಂದ ಮೊದಲ ಮನುಷ್ಯ.

"ನಮ್ಮ ಕಡೀ ಬರೇ ಧಡ್ ಧಡ್ ಅಂತದ. ಅಡಿಗಿಮನಿಯಾಗಿನ ಡಬರಿ ಎಲ್ಲಾ ತಾಳ ಹಾಕ್ತಾವ. ಆದರ ಹಾಡು ಯಾವುದು ಅಂತ ತಿಳಿಯಂಗಿಲ್ಲ!" ಎಂದರು.

"ಅವಾಜ ಕಮ್ಮಿ ಮಾಡ್ರಿ ಅಂತ ಅವರಿಗೆ ಹೇಳ್ಲೇನ್ರಿ?"

"ಕಮ್ಮಿ ಯಾಕ್ರಿ? ಡಬರಿ ನಮ್ಮವು ಕುಣೀಬೇಕು, ಹಾಡು ಅವರು ಕೇಳಬೇಕು, ಇದು ಯಾವ ನ್ಯಾಯ? ಒಂದು ಸ್ಪೀಕರ್ ನಮ್ಮ ಕಡೀ ಹಾಕಸ್ರಿ."

ವ್ಯಾಪಾರಿಗೆ ಹೇಳಿದೆ. ದೊಡ್ಡ ಮನಸ್ಸಿನ ಮನುಷ್ಯ, ಒಪ್ಪಿದರು. ಕಿಡಕಿಯಿಂದ ವಾಯರು ದಾಟಿಸಿ ಮಾಸ್ತರರ ಪಡಸಾಲೆಯಲ್ಲಿ ಒಂದು ಸ್ಪೀಕರು ಕೂರಿಸಿದೆ. ನೆರೆಹೊರೆಯ ಜಗಳ ಬಗೆಹರಿಸಿದೆ ಎಂದು ಎದೆಯುಬ್ಬಿಸಿಕೊಂಡೇ ಅಂಗಡಿಗೆ ಬಂದೆ.

ಮುಂದಿನ ವಾರ ಮಾಸ್ತರರು ಮತ್ತೆ ಹಾಜರ್. ಮುಖ ಕೆಂಪಾಗಿತ್ತು.

"ಈಗೇನಾತ್ರಿ? ಅವಾಜ ಬರವಲ್ದೇನು?"

"ಅವಾಜ ಹ್ಯಾಂಗ ಬರಬೇಕ್ರಿ? ನಿನ್ನಿ ಮನೀಗೆ ಕೀಲಿ ಹಾಕಿ ಎಲ್ಲಾರೂ ಸೊಲ್ಲಾಪುರಕ್ಕ ಹೋಗ್ಯಾರ. ಹೋಗೋಕಿಂತ ಮೊದಲ ನಮ್ಮನ್ನ ಒಂದು ಮಾತು ಕೇಳಬಾರದಾ?"

ಜೇವರ್ಗಿಯ ಬಲಗಡೆ

ಜೇವರ್ಗಿಯಲ್ಲಿ ರಿಟಾಯರ್ ಆದ ಒಬ್ಬ ಅಧಿಕಾರಿ ಇದ್ದರು. ಡಬ್ಬಿ ಒಯ್ದ ಮೂರನೇ ದಿನವೇ ಫೋನು: "ಎಡಗಡಿ ಸ್ಪೀಕರ್ ಅಷ್ಟ ಚಾಲೂ ಅವ. ಬಲಗಡಿ ಎರಡೂ ಸತ್ತಾವ. ಬಂದು ನೋಡ್ರಿ."

ಎರಡು ಬಸ್ಸು ಬದಲಿಸಿ ಹೋದೆ. ಬಲಗಡೆಯ ಸ್ಪೀಕರಿಗೆ ಕಿವಿ ಹಚ್ಚಿದರೆ ಗಂಟೆಯ ಹಾಗೆ ಕೇಳುತ್ತದೆ. "ಚಾಲೂ ಅವಲ್ರಿ ಸಾಹೇಬ್ರ!" ಎಂದೆ.

"ನನಗ ಸುಳ್ಳ ಹೇಳಬ್ಯಾಡ್ರಿ. ನಾ ಇಲ್ಲೇ ಕುಂತೇನಿ. ಬಲಗಡಿಂದ ಒಂದು ಅಕ್ಷರ ಬರವಲ್ದು."

ನನಗೆ ಅನುಮಾನ ಬಂತು. ಆದರೆ ಊರೆಲ್ಲ ಹೆದರುತ್ತಿದ್ದ ಮನುಷ್ಯನಿಗೆ ಅದನ್ನು ಹೇಳುವುದು ಹೇಗೆ? "ಜರಾ ಏಳ್ರಿ" ಎಂದು ಅವರ ಕುರ್ಚಿಯನ್ನು ಟಿ.ವಿ.ಗೆ ಬೆನ್ನಾಗುವಂತೆ ತಿರುಗಿಸಿ, ಮತ್ತೆ ಕೂರಿಸಿ, ಅದೇ ಕ್ಯಾಸೆಟ್ ಹಚ್ಚಿದೆ.

ಸಾಹೇಬರು ಕುರ್ಚಿಯ ಕೈ ಗುದ್ದಿದರು. "ನೋಡ್ರಿ! ಸತ್ತವು ಎದ್ದಾವ, ಛಲೋ ಇದ್ದವು ಸತ್ತಾವ! ಇದೇನು ರಿಪೇರಿ ಮಾಡಿದ್ರಿ ನೀವು?"

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಒಳಗೆ ಬಂದರು. ಗಂಡನ ಬಲಕ್ಕೆ ನಿಂತು ಮೆಲ್ಲಗೆ "ಚಹಾ ತರ್ಲೇನ್ರಿ?" ಎಂದರು. ಉತ್ತರವಿಲ್ಲ. ಎಡಕ್ಕೆ ಬಂದು ಅಷ್ಟೇ ಮೆಲ್ಲಗೆ ಕೇಳಿದರು. "ತಾ, ಸಕ್ರಿ ಕಮ್ಮಿ ಹಾಕು" ಎಂದರು ಸಾಹೇಬರು.

ಆಕೆ ಚಹಾಕ್ಕೆ ಹೋಗಲಿಲ್ಲ, ಅಲ್ಲೇ ಕೂತುಬಿಟ್ಟರು. "ಅಯ್ಯ ಶಿವನ! ಕಿವೀರಿ! ರಿಟಾಯರ್ ಆಗಿ ಮನೀಗೆ ಬಂದು ಕುಂತಾಗಿಂದ ನಾ ಏನ ಕೇಳಿದ್ರೂ ಮಾತಾಡವಲ್ರು. ಸೊಕ್ಕು ಅಂತ ತಿಳಕೊಂಡಿದ್ದೆ. ಒಬ್ಬಾಕೀನ ಅಡಿಗಿಮನಿಯಾಗ ಎಷ್ಟು ಅತ್ತೇನಿ..." ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಸಾಹೇಬರು ಬಲಗಿವಿಯ ಮೇಲೆ ಕೈಯಿಟ್ಟು ತೆಗೆದರು, ಮತ್ತೆ ಇಟ್ಟು ತೆಗೆದರು. ನಾನು ವಾಯರು ಸುತ್ತುತ್ತ ನಿಂತೆ.

ಆಮೇಲೆ ಆಕೆ ಸ್ಟೂಲು ಎಳೆದುಕೊಂಡು ಗಂಡನ ಎಡಕ್ಕೇ ಕುಳಿತರು. ಇಷ್ಟು ದಿನ ಕೇಳಿಸದೆ ಉಳಿದದ್ದನ್ನೆಲ್ಲ ಮೊದಲಿನಿಂದ ಹೇಳಲು ಶುರು ಮಾಡಿದರು. ಸೋರುವ ಮಾಳಿಗೆ, ನಾದಿನಿಯ ಮಾತು, ತಂಗಿಯ ಮಗನ ಮದುವೆಗೆ ಹೋಗದೆ ಇದ್ದದ್ದು. ಸಾಹೇಬರು ಸ್ವಲ್ಪ ಹೊತ್ತು ಕೇಳಿ, ಮೆಲ್ಲಗೆ ಕುರ್ಚಿ ತಿರುಗಿಸಿದರು. ಆಕೆ ಮಾತು ನಿಲ್ಲಿಸದೆ ಸ್ಟೂಲು ಎತ್ತಿಕೊಂಡು ಮತ್ತೆ ಎಡಕ್ಕೆ ಬಂದರು. ಅವರು ಇನ್ನೊಮ್ಮೆ ತಿರುಗಿದರು. ಸ್ಟೂಲೂ ತಿರುಗಿತು.

"ಸಾಹೇಬ್ರ, ಬರ್ತೇನ್ರಿ. ಡಬ್ಬಿ ಬಗ್ಗೆ ಈಗೇನಂತೀರಿ?" ಎಂದೆ.

ಅವರು ಹೆಂಡತಿಯ ಕಡೆ ಕಣ್ಣು ಹೊರಳಿಸಿ ನಿಟ್ಟುಸಿರು ಬಿಟ್ಟರು. "ಸರೌಂಡ್ ಅಂದ್ರ ಏನಂತ ಈಗ ತಿಳೀತ್ರಿ."